ಒಂದು ಕಂಪ್ಯೂಟರ್, ಮೂವರು ಯಜಮಾನರು

ಕಂಪ್ಯೂಟರಿನಲ್ಲಿ ಒಂದೇ ಒಂದು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡು, ಬೆಳಿಗ್ಗೆ ಬಟನ್ ಒತ್ತಿ, ಕೆಲಸ ಮುಗಿಸಿ, ಸಂಜೆ ಆರಿಸಿ, ನೆಮ್ಮದಿಯಿಂದ ಮಲಗುವ ಕುಟುಂಬಗಳು ಪುಣೆಯಲ್ಲಿ ಇನ್ನೂ ಇವೆ. ಅಂಥವರ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. 1991ರಲ್ಲಿ ಇದೇ ಊರಿನ ಸಿ-ಡ್ಯಾಕ್ ಸಂಸ್ಥೆ ಪರಮ್ 8000 ಎಂಬ ಸೂಪರ್ ಕಂಪ್ಯೂಟರನ್ನು ಕಟ್ಟಿ ನಿಲ್ಲಿಸಿತು. ಅದೇ ವರ್ಷ ಅತ್ತ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಬರೆದು ಊರಿಗೆಲ್ಲ ಹಂಚಿದ. ಇಷ್ಟೆಲ್ಲ ಆಗಿ ಮೂರು ದಶಕ ಕಳೆದರೂ ಕೋಥರೂಡಿನ ಗೃಹಸ್ಥನೊಬ್ಬ ಕಂಪ್ಯೂಟರ್ ಆನ್ ಮಾಡಿದೊಡನೆ ಯಾವ ಆತಂಕವೂ ಇಲ್ಲದೆ ಸೀದಾ ಒಳಗೆ ಹೋಗಿಬಿಡುತ್ತಾನೆಂದರೆ, ಶಿಕ್ಷಣದಲ್ಲಿ ಎಲ್ಲೋ ಲೋಪವಾಗಿದೆ.

ಆ ಲೋಪ ತುಂಬುವುದು ನನ್ನ ಉದ್ಯೋಗ. ಒಂದೇ ಡಿಸ್ಕಿನಲ್ಲಿ ಹಲವು ಆಪರೇಟಿಂಗ್ ಸಿಸ್ಟಮ್‌ಗಳನ್ನು ಕೂಡಿ ಬಾಳಿಸುವ ವಿದ್ಯೆಯಲ್ಲಿ ನಾನು ತಜ್ಞ. ಈ ಪದವಿ ಯಾರು ಕೊಟ್ಟರು ಎಂದು ಕೇಳುವವರಿದ್ದಾರೆ. ಈ ವಿದ್ಯೆಗೆ ಪದವಿ ಕೊಡುವವರು ಯಾರೂ ಇಲ್ಲ. ಒಮ್ಮೆ ಕರೆದ ಮನೆಯವರು ಮತ್ತೆ ಮತ್ತೆ ಕರೆಯುತ್ತಲೇ ಇರಬೇಕಾಗಿ ಬಂದರೆ ಅವನನ್ನು ತಜ್ಞ ಎಂದು ತಿಳಿಯಬೇಕು. ಆ ಲೆಕ್ಕದಲ್ಲಿ ನನ್ನ ಸ್ಥಾನ ಬಹಳ ಮೇಲಿದೆ.

ಇತ್ತೀಚೆಗಂತೂ ಬಿಡುವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಚಿಪ್ಪು ಕೇಳುತ್ತದೆ. ಚಿಪ್ಪಿಲ್ಲದ ಹಳೆಯ ಕಂಪ್ಯೂಟರುಗಳು ಊರ ತುಂಬ ಇವೆ. ಅವು ಚೆನ್ನಾಗಿಯೇ ಓಡುತ್ತಿವೆ, ಅದೇ ತೊಂದರೆ. ಓಡುವ ವಸ್ತುವನ್ನು ಎಸೆಯಲು ಧಾರವಾಡ ಜಿಲ್ಲೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನುಷ್ಯನಿಗೆ ಕೈ ಬರುವುದಿಲ್ಲ. ಹೀಗಾಗಿ ನನಗೆ ಫೋನ್ ಬರುತ್ತದೆ.

ಉದಾಹರಣೆಗೆ ಕೋಥರೂಡಿನ ಒಂದು ಕನ್ನಡ ಮನೆಯನ್ನು ತೆಗೆದುಕೊಳ್ಳೋಣ. ಮನೆಯಲ್ಲಿ ನಾಲ್ಕು ಜನ, ಕಂಪ್ಯೂಟರ್ ಒಂದು. ಮಗ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಕೋಡ್ ಓಡುವ ಸರ್ವರ್ ಲಿನಕ್ಸಿನದಾದ್ದರಿಂದ ಮನೆಯಲ್ಲೂ ಅವನಿಗೆ ಲಿನಕ್ಸೇ ಬೇಕು. ಸೊಸೆ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಅವಳಿಗೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು, ಅವಳದು ವಿಂಡೋಸ್ 10. ಮೊಮ್ಮಗ ಅಮ್ಮನ ಪಾಲಿನಲ್ಲೇ ಆಟವಾಡಿಕೊಳ್ಳುತ್ತಾನೆ. ಅಜ್ಜ ನಿವೃತ್ತರು, ಬಡಾವಣೆಯ ಕನ್ನಡ ಮಂಡಳಿಯ ಪತ್ರವ್ಯವಹಾರವೆಲ್ಲ ಅವರದೇ. ಅವರು ನುಡಿಯಲ್ಲಿ ಟೈಪ್ ಮಾಡುತ್ತಾರೆ. ಅದೂ ವಿಂಡೋಸ್ 7ರ ಮೇಲೆ ಯಾವ ಕಾಲದಲ್ಲೋ ಕೂರಿಸಿದ ನುಡಿ. 2020ರ ಜನವರಿಯಲ್ಲೇ ವಿಂಡೋಸ್ 7ರ ಬೆಂಬಲ ನಿಂತಿತು ಎಂದು ಹೇಳಿದೆ. "ನನ್ನ ಬೆಂಬಲಾನೂ ಯಾರೂ ಮಾಡವಲ್ಲರು, ನಾ ನಡೀವಲ್ಲೆನೇನು?" ಎಂದರು. ಈ ವಾದಕ್ಕೆ ತಾಂತ್ರಿಕ ಉತ್ತರವಿಲ್ಲ.

ಮೂರು ಆಪರೇಟಿಂಗ್ ಸಿಸ್ಟಮ್ ಎಂದು ತೀರ್ಮಾನವಾಯಿತು. ಇನ್ನು ವಾಟ್ನಿ, ಅಂದರೆ ಪಾಲು ಹಂಚಿಕೆ.

ಡಿಸ್ಕಿನ ಪಾರ್ಟಿಷನ್ ಬಗ್ಗೆ ಬರೆದಿರುವ ಕೈಪಿಡಿಗಳೆಲ್ಲ ಅಮೆರಿಕದವು. ಅಲ್ಲಿ ಮಕ್ಕಳು ಹದಿನೆಂಟಕ್ಕೇ ಮನೆ ಬಿಟ್ಟು ಹೋಗುವುದರಿಂದ ಅವರಿಗೆ ಪಾಲು ಹಂಚಿ ಗೊತ್ತಿಲ್ಲ. ಈ ವಿಷಯದಲ್ಲಿ ಆಧಾರ ಗ್ರಂಥ ನಮ್ಮವರದೇ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ. ಹುಟ್ಟಿದ ಕ್ಷಣದಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕಿದೆ ಎನ್ನುತ್ತದೆ ಅದು. ಬಂಗಾಳದಲ್ಲಿ ನಡೆಯುವ ದಾಯಭಾಗ ಹಾಗಲ್ಲ. ಅಲ್ಲಿ ಅಪ್ಪ ತೀರಿಕೊಂಡ ಮೇಲೆಯೇ ಮಗನಿಗೆ ಪಾಲು. ಕಂಪ್ಯೂಟರ್ ರಿಪೇರಿ ಅಂಗಡಿಯವರು ಅನುಸರಿಸುವುದು ದಾಯಭಾಗವನ್ನು. ಹಳೆಯದನ್ನು ಪೂರ್ತಿ ಮುಗಿಸಿಯೇ ಹೊಸದನ್ನು ಒಳಗೆ ಬಿಡುತ್ತಾರೆ, ಅದಕ್ಕೆ ಫಾರ್ಮ್ಯಾಟ್ ಎಂದು ಹೆಸರಿಟ್ಟಿದ್ದಾರೆ. ನಾನು ಮಿತಾಕ್ಷರದವನು. ಹಳೆಯದು ಬದುಕಿರುವಾಗಲೇ, ಅದರ ಕಣ್ಣೆದುರಿಗೇ, ಅದರ ಜಾಗ ಕತ್ತರಿಸಿ ಹೊಸದಕ್ಕೆ ಕೊಡುತ್ತೇನೆ.

ಹಳೆಯ ಕಂಪ್ಯೂಟರುಗಳಲ್ಲಿ ವಾಟ್ನಿ ಪತ್ರ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿರುತ್ತದೆ. ಅದರ ಅಳತೆ 512 ಬೈಟ್. ಅದರಲ್ಲಿ 446 ಬೈಟ್ ಯಂತ್ರವನ್ನು ಎಬ್ಬಿಸುವ ಕೋಡಿಗೆ, 2 ಬೈಟ್ ಕೊನೆಯ ಮೊಹರಿಗೆ. ಮಿಕ್ಕ 64 ಬೈಟಿನಲ್ಲಿ ಇಡೀ ಆಸ್ತಿಯ ಪಾಲು. ಒಬ್ಬರಿಗೆ 16 ಬೈಟಿನಂತೆ ನಾಲ್ಕೇ ಜನಕ್ಕೆ ಜಾಗ, ಐದನೆಯವನು ಹುಟ್ಟುವಂತಿಲ್ಲ. ಧಾರವಾಡದ ದಿವಾಣಿ ವಕೀಲರಿಗೆ ಇದನ್ನು ತೋರಿಸಬಾರದು, ಊಟ ಬಿಡುತ್ತಾರೆ. ಅವರ ಪತ್ರಗಳಲ್ಲಿ ಬಾವಿಯ ನೀರಿನ ಪಾಳಿಗೇ ಇದಕ್ಕಿಂತ ಹೆಚ್ಚು ಶಾಯಿ ಹೋಗುತ್ತದೆ. ಐಬಿಎಂ ಕಂಪನಿ 1983ರಲ್ಲಿ ಪಿಸಿ ಎಕ್ಸ್‌ಟಿ ತಂದಾಗ ಮಾಡಿದ ವ್ಯವಸ್ಥೆ ಇದು. ಒಂದು ಡಿಸ್ಕಿನಲ್ಲಿ ನಾಲ್ಕು ಆಪರೇಟಿಂಗ್ ಸಿಸ್ಟಮ್ ಇದ್ದರೆ ಸಾಕೆಂದು ಅವರ ಅಂದಾಜು. ಹೊಸ ಕಂಪ್ಯೂಟರುಗಳ ಜಿಪಿಟಿ ಪದ್ಧತಿಯಲ್ಲಿ 128 ಪಾಲಿಗೆ ಜಾಗವಿದೆ. ಅಷ್ಟು ಪಾಲು ಮಾಡಿದ ಮನೆತನವನ್ನು ನಾನು ಕೊಪ್ಪಳದ ಕಡೆಗೂ ಕಂಡಿಲ್ಲ.

ಕೋಥರೂಡಿನ ಮನೆಯದು ಹಳೆಯ ಪದ್ಧತಿ. ಮೊದಲ ಪಾಲು ವಿಂಡೋಸ್ 7 ತನ್ನ ಖಾಸಗಿ ಉಪಯೋಗಕ್ಕೆಂದು ಯಾರನ್ನೂ ಕೇಳದೆ ಇಟ್ಟುಕೊಂಡ 100 ಎಂಬಿ. ಎರಡನೆಯದು ಅಜ್ಜನದು, ಮೂರನೆಯದು ಸೊಸೆಯದು. ನಾಲ್ಕನೆಯದನ್ನು ವಿಸ್ತರಿಸಿ, ಅದರೊಳಗೆ ಮಗನ ಲಿನಕ್ಸನ್ನೂ ಎಲ್ಲರಿಗೂ ಸೇರಿದ ಕಡತಗಳ ಪಡಸಾಲೆಯನ್ನೂ ಮಾಡಿದೆ. ಸೊಸೆಗೆ ಸಮಪಾಲು ಯಾಕೆ ಎಂದು ಅಜ್ಜ ಒಮ್ಮೆ ಗೊಣಗಿದರು. ಹೆಣ್ಣುಮಕ್ಕಳಿಗೆ ಪಾಲು ಕೊಡಲು ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲೇ ಕಾನೂನು ಮಾಡಿವೆ, ದೇಶಕ್ಕೆಲ್ಲ 2005ರಲ್ಲಿ ಬಂತು ಎಂದೆ. "ಅದು ಮಗಳಿಗ್ರೀ, ಸೊಸಿಗಲ್ಲ" ಎಂದರು. ಕಾನೂನು ಬಲ್ಲವರ ಮನೆಯಲ್ಲಿ ಡಿಸ್ಕು ಹಂಚುವುದು ಕಷ್ಟ.

ಗಡಿ ಸರಿಸಲು ಜಿಪಾರ್ಟೆಡ್ ಎಂಬ ಸಾಫ್ಟ್‌ವೇರ್ ಉಂಟು. ಇದರಲ್ಲಿ ಒಬ್ಬನ ಗೆರೆಯನ್ನು ಎಳೆದು ಇನ್ನೊಬ್ಬನ ಜಾಗಕ್ಕೆ ಎಷ್ಟು ಬೇಕಾದರೂ ನುಗ್ಗಿಸಬಹುದು. ಎಳೆದದ್ದೆಲ್ಲ ಕೆಳಗೆ 'ಬಾಕಿ ಇರುವ ಕೆಲಸಗಳು' ಎಂಬ ಪಟ್ಟಿಯಲ್ಲಿ ಸೇರುತ್ತದೆ. ಕೊನೆಗೆ 'ಅಪ್ಲೈ' ಒತ್ತುವವರೆಗೆ ಡಿಸ್ಕಿನಲ್ಲಿ ಒಂದು ಬೈಟೂ ಅಲುಗುವುದಿಲ್ಲ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗ್ಗೆ ಮಹಾಜನ ಆಯೋಗ 1967ರಲ್ಲಿ ಹೀಗೆಯೇ ಗೆರೆ ಎಳೆದು, 264 ಊರು ಮಹಾರಾಷ್ಟ್ರಕ್ಕೆ ಹೋಗಲಿ, ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದು ವರದಿ ಕೊಟ್ಟಿತು. ಆ ಬಟನ್ ಯಾರೂ ಒತ್ತಿಲ್ಲ. 2004ರಿಂದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ. ಪುಣೆಯಲ್ಲಿ ಕೂತ ಕನ್ನಡಿಗ ತಜ್ಞ ಇದಕ್ಕಿಂತ ಹೆಚ್ಚು ಮಾತನಾಡದಿರುವುದು ಕ್ಷೇಮ.

ಕೂರಿಸುವ ಕ್ರಮದಲ್ಲಿ ಮಾತ್ರ ರಾಜಿಯಿಲ್ಲ. ವಯಸ್ಸಿನ ಪ್ರಕಾರ ಹೋಗಬೇಕು: ಹಳೆಯ ವಿಂಡೋಸ್ ಮೊದಲು, ಹೊಸ ವಿಂಡೋಸ್ ನಂತರ, ಲಿನಕ್ಸ್ ಕಡೆಗೆ. ತಲೆಕೆಳಗು ಮಾಡಿದರೆ ವಿಂಡೋಸ್ ಬಂದು ಬಾಗಿಲ ಕೋಡನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತದೆ. ಆಮೇಲೆ ಲಿನಕ್ಸ್ ಒಳಗೇ ಇರುತ್ತದೆ, ಪೂರ್ತಿ ಆರೋಗ್ಯದಿಂದಲೂ ಇರುತ್ತದೆ, ಅದಕ್ಕೆ ಬಾಗಿಲು ಮಾತ್ರ ಇರುವುದಿಲ್ಲ. ಲಿನಕ್ಸ್ ಹಾಗಲ್ಲ. ಕೊನೆಗೆ ಬಂದು, ಗ್ರಬ್ ಎಂಬ ತನ್ನ ದ್ವಾರಪಾಲಕನನ್ನು ನಿಲ್ಲಿಸಿ, ಹಿರಿಯರೆಲ್ಲರ ಹೆಸರನ್ನೂ ಪಟ್ಟಿಗೆ ಹಾಕಿ, ತನ್ನ ಹೆಸರನ್ನು ಮೊದಲಿಗೆ ಬರೆದುಕೊಳ್ಳುತ್ತದೆ. ವಿನಯವೆಂದರೆ ಇದು. 2021ರಲ್ಲಿ ಬಂದ ಗ್ರಬ್ಬಿನ 2.06ನೆಯ ಆವೃತ್ತಿಯಿಂದ, ಪಕ್ಕದ ಪಾಲಿನಲ್ಲಿ ಯಾರಿದ್ದಾರೆ ಎಂದು ತಾನಾಗಿ ಹುಡುಕಿ ನೋಡುವುದನ್ನೂ ನಿಲ್ಲಿಸಿದ್ದಾರೆ. ಬೇಕಾದವರು ಹೇಳಿ ಮಾಡಿಸಿಕೊಳ್ಳಬೇಕು. ಭದ್ರತೆಯ ಕಾರಣವಂತೆ. ಗ್ರಬ್ ಬರೆಯುವವರಲ್ಲಿ ಪುಣೆಯ ಸದಾಶಿವ ಪೇಟೆಯವರು ಯಾರೋ ಸೇರಿಕೊಂಡಿರಬೇಕೆಂದು ನನ್ನ ಊಹೆ.

ಈಗ ಅಜ್ಜನ ಒಂದು ಬೆಳಗನ್ನು ಹತ್ತಿರದಿಂದ ನೋಡೋಣ. ಸ್ನಾನ, ಸಂಧ್ಯಾವಂದನೆ ಮುಗಿಸಿ, ಕನ್ನಡಕ ಒರೆಸಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಬಟನ್ ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಗ್ರಬ್ ಬರುತ್ತದೆ, 10 ಸೆಕೆಂಡಿನ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ಕೆಳಬಾಣ ಒತ್ತಿ ವಿಂಡೋಸ್‌ಗೆ ಹೋಗಬೇಕು. ಹೋದರೆ ಅಲ್ಲಿ ವಿಂಡೋಸ್‌ನದೇ ಇನ್ನೊಂದು ಮೆನು, ನೀಲಿ ಬಣ್ಣದ್ದು. 7 ಬೇಕೋ 10 ಬೇಕೋ ಎಂದು ಕೇಳುತ್ತದೆ. ಅಜ್ಜ 7 ಎನ್ನುತ್ತಾರೆ. ಆ ನೀಲಿ ಮೆನು ತೋರಿಸುವುದಕ್ಕಾಗಿ ವಿಂಡೋಸ್ 10 ಆಗಲೇ ಅರ್ಧ ಎದ್ದು ಕೂತಿರುತ್ತದೆ. ಬೇರೆಯವರ ಹೆಸರು ಕೇಳಿದ್ದೇ ತಡ, ಇಡೀ ಯಂತ್ರವನ್ನು ಆರಿಸಿ ಮತ್ತೆ ಮೊದಲಿಂದ ಶುರುಮಾಡುತ್ತದೆ. ಮತ್ತೆ ಗ್ರಬ್, ಮತ್ತೆ 10 ಸೆಕೆಂಡು. ಅಷ್ಟರಲ್ಲಿ ಅಜ್ಜ ಚಹಾ ತರಲು ಎದ್ದು ಹೋಗಿದ್ದರೆ, ಬರುವಷ್ಟರಲ್ಲಿ ಮಗನ ಲಿನಕ್ಸ್ ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತ ಕೂತಿರುತ್ತದೆ. ಎದ್ದು ಹೋಗದಿದ್ದರೆ ಎರಡನೆಯ ಸಲ ವಿಂಡೋಸ್ ಆಯ್ದು, ಕೊನೆಗೂ 7ರೊಳಗೆ ಇಳಿಯುತ್ತಾರೆ. ಕಂಪನಿಗಳು ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತವೆ. ಬೂಟ್ ಎರಡು ಸಲ ಆಗುತ್ತದೆ ಎಂಬುದರಲ್ಲಿ ಅವರು ಸುಳ್ಳು ಹೇಳಿಲ್ಲ.

ಒಳಗೆ ಹೋದ ಮೇಲೆ ಸಿ ಡ್ರೈವಿನ ಪ್ರಶ್ನೆ. ಪ್ರತಿ ವಿಂಡೋಸ್ ಕೂಡ ತಾನು ಎದ್ದ ಪಾಲನ್ನೇ ಸಿ ಎಂದು ಕರೆದುಕೊಳ್ಳುತ್ತದೆ. ಅಜ್ಜನ 7ರಲ್ಲಿ ಅಜ್ಜನ ಪಾಲು ಸಿ, ಸೊಸೆಯದು ಡಿ. ಸೊಸೆಯ 10ರಲ್ಲಿ ಸೊಸೆಯ ಪಾಲು ಸಿ, ಅಜ್ಜನದು ಡಿ. ಲಿನಕ್ಸಿನಲ್ಲಿ ಸಿ ಎಂಬುದೇ ಇಲ್ಲ. ಅಲ್ಲಿ ಎಲ್ಲವೂ ಒಂದೇ ಬೇರಿನಿಂದ ಹೊರಡುತ್ತದೆ ಎಂದು ಮಗ ಅದ್ವೈತ ಹೇಳುತ್ತಾನೆ. ಒಂದು ಸಂಜೆ ಅಜ್ಜ, "ಆಮಂತ್ರಣ ಪತ್ರಿಕಿ ಸಿ ಡ್ರೈವಿನ್ಯಾಗ ಇಟ್ಟೀನಿ, ಒಂದು ಪ್ರಿಂಟ್ ತಗದು ಕೊಡವಾ" ಎಂದರು. ಸೊಸೆ ಸಿ ಎಲ್ಲ ಹುಡುಕಿ, "ಇಲ್ರೀ ಮಾವಾರ, ಸಿ ಒಳಗ ಏನೂ ಇಲ್ಲ" ಎಂದಳು. "ನಾ ಸುಳ್ಳ ಹೇಳ್ತೀನೇನು?" "ಹಂಗಂದ್ರ ನಾ ಕುರುಡಿ ಏನ್ರೀ?" ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಮೊಮ್ಮಗ ಪುಣೆಯಲ್ಲೇ ಹುಟ್ಟಿದವನು, "ಥಾಂಬಾ ಅಜ್ಜಾ" ಎಂದು ನಡುವೆ ಬಂದು ಡಿ ತೆರೆದು ತೋರಿಸಿದ. ಅವನಿಗೆ ನಾನು ಆವತ್ತೇ ಹೇಳಿದೆ: ಇಂಥ ಸಣ್ಣ ವಯಸ್ಸಿಗೆ ಎಲ್ಲ ಗೊತ್ತಿರುವುದು ಒಳ್ಳೆಯದಲ್ಲ.

ಈ ಪ್ರಸಂಗದ ಮರುದಿನ ಮಾನಿಟರಿನ ಅಂಚಿಗೆ ಒಂದು ಕಾಗದ ಅಂಟಿತು. ಸೊಸೆಯ ತವರು ನಾರಾಯಣ ಪೇಟೆ. ಪೇಟೆಗಳಲ್ಲಿ ಬೆಳೆದವರಿಗೆ ಪುಣೇರಿ ಪಾಟಿ ಬರೆಯುವುದನ್ನು ಯಾರೂ ಕಲಿಸಬೇಕಿಲ್ಲ. ಬಾಗಿಲ ಬೆಲ್ಲಿಗೂ ಚಪ್ಪಲಿಗೂ ಬೋರ್ಡ್ ಬರೆದು ತೂಗುಹಾಕುವ ಊರು ಅದು. ಕಾಗದದ ಮೇಲೆ, ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಹೀಗಿತ್ತು:

"ಮೆನು ಬಂದಾಗ ಬಾಯಿ ತೆರೆದು ನೋಡುತ್ತ ನಿಲ್ಲಬಾರದು. ಸಮಯ 10 ಸೆಕೆಂಡು ಮಾತ್ರ. ಸಿ ಡ್ರೈವ್ ಎನ್ನುವವರು ಯಾರ ಸಿ ಎಂದು ಮೊದಲು ತಿಳಿಸಬೇಕು. ನೀವು ಆಫ್ ಮಾಡಿದ್ದರಿಂದ ಅದು ಆಫ್ ಆಗಿದೆ ಎಂದು ಭಾವಿಸಬೇಡಿ. ತಜ್ಞರಿಗೆ ಚಹಾ ಒಮ್ಮೆ ಮಾತ್ರ."

ಕೊನೆಯ ಸಾಲನ್ನು ಬಿಟ್ಟರೆ ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ನಾಲ್ಕನೆಯ ಸಾಲಿಗೆ ಮಾತ್ರ ಟಿಪ್ಪಣಿ ಬೇಕು. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯ ಬಂದಿದೆ. ಶಟ್‌ಡೌನ್ ಎಂದು ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಬೇಗ ಏಳಲಿ ಎಂದು. ಅದು ಹೀಗೆ ಮಲಗಿರುವಾಗ ಮಗ ಲಿನಕ್ಸಿಗೆ ಬಂದು ಪಡಸಾಲೆಯ ಕಡತ ತೆರೆದರೆ, ಓದಲು ಮಾತ್ರ ಅನುಮತಿ ಸಿಗುತ್ತದೆ, ಬರೆಯುವಂತಿಲ್ಲ. ಎಲ್ಲರಿಗೂ ಸೇರಿದ ಪಡಸಾಲೆಯ ಬೀಗದ ಕೈ ಮಲಗಿದವರ ಸೊಂಟದಲ್ಲಿದೆ. ಮಗ ಹೆಂಡತಿಯನ್ನು ಕೇಳಿದ: "ನೀನು ಸರಿಯಾಗಿ ಆಫ್ ಮಾಡಿದ್ಯಾ?" ಈ ಒಂದು ಪ್ರಶ್ನೆಯಿಂದ ಆ ಮನೆಯಲ್ಲಿ ಆದದ್ದನ್ನು ತಾಂತ್ರಿಕ ಲೇಖನದಲ್ಲಿ ಬರೆಯುವ ಪದ್ಧತಿಯಿಲ್ಲ.

ಇನ್ನು ಗಡಿಯಾರ. ನನ್ನ ಸಂಶೋಧನೆಯ ಬಹುಭಾಗ ಇದರ ಮೇಲೆಯೇ ನಡೆದಿದೆ.

ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಒಂದು ಚಿಕ್ಕ ಗಡಿಯಾರವಿದೆ, ಪಕ್ಕದಲ್ಲಿ ನಾಣ್ಯದಂಥ ಸೆಲ್ಲು. ಕರೆಂಟ್ ಹೋದರೂ ಅದು ಓಡುತ್ತಿರುತ್ತದೆ. ಅದು ತೋರಿಸುವುದು ಯಾವ ಊರಿನ ವೇಳೆ ಎಂಬ ಬಗ್ಗೆ ಯಜಮಾನರಲ್ಲಿ ಒಮ್ಮತವಿಲ್ಲ. ಅದು ಗೋಡೆಯ ಮೇಲಿನ ವೇಳೆ ಎಂದು ವಿಂಡೋಸ್ ನಂಬಿದೆ. ಅದು ಗ್ರೀನಿಚ್ಚಿನ ವೇಳೆ, ನಾವು ಅದಕ್ಕೆ ಐದೂವರೆ ತಾಸು ಕೂಡಿಸಿಕೊಳ್ಳಬೇಕು ಎಂದು ಲಿನಕ್ಸ್ ನಂಬಿದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ಮಟ್ಟಿಗೆ ಇಬ್ಬರಿಗೂ ಜಗಳವಿಲ್ಲ. ಈ ಕಷ್ಟ ನಮ್ಮಂಥವರಿಗೆ.

ರಾತ್ರಿ ಮಗ ಲಿನಕ್ಸಿನಲ್ಲಿ ಕೆಲಸ ಮುಗಿಸಿ ಆರಿಸುತ್ತಾನೆ. ಲಿನಕ್ಸ್ ಹೋಗುವಾಗ ಆ ಗಡಿಯಾರವನ್ನು ಗ್ರೀನಿಚ್ಚಿಗೆ ಹೊಂದಿಸಿಟ್ಟು ಹೋಗುತ್ತದೆ. ಬೆಳಿಗ್ಗೆ 7ಕ್ಕೆ ಅಜ್ಜ ವಿಂಡೋಸ್ ತೆರೆದರೆ ಅದರಲ್ಲಿ ಇನ್ನೂ ರಾತ್ರಿ 1:30. "ಏನ್ರೀ ಸಾಹೇಬ್ರ, ಹೊರಗ ಹಾಲಿನವ ಬಂದು ಹೋದ, ಇದರಾಗ ಒಂದೂವರಿ ಅಂತ ತೋರಸ್ತದಲ್ರೀ?" ಎಂದು ನನಗೆ ಫೋನ್. ನುಡಿಯಲ್ಲಿ ಅವರು ಬರೆಯುವ ಪತ್ರದ ಅಡಿಯಲ್ಲಿ ದಿನಾಂಕ, ವೇಳೆ ತಾನಾಗಿ ಬೀಳುವಂತೆ ಯಾರೋ ಮಾಡಿಕೊಟ್ಟಿದ್ದಾರೆ. ಮಂಡಳಿಯ ಸದಸ್ಯರಿಗೆಲ್ಲ ನಡುರಾತ್ರಿಯ ಪತ್ರಗಳು ಹೋದವು. ಅದರ ಪ್ರತಿಯೊಂದು ಹುಬ್ಬಳ್ಳಿಯ ಮಗಳ ಮನೆಗೂ ಹೋಗಿ, ಅಪ್ಪನಿಗೆ ನಿದ್ದೆ ಬರುವುದಿಲ್ಲವೆಂದು ಅವಳು ಹೆದರಿ, ಅಣ್ಣನಿಗೆ ಫೋನ್ ಮಾಡಿ, "ನೀವು ಅವರನ್ನ ಸರಿಯಾಗಿ ನೋಡ್ಕೋಳ್ಳಾಂಗಿಲ್ಲ" ಎಂದಳು. ಇಷ್ಟಕ್ಕೆಲ್ಲ ಕಾರಣ ಮೂರು ವೋಲ್ಟಿನ ಒಂದು ಸೆಲ್ಲು.

ಇಂಥದ್ದು ಈ ಪ್ರಾಂತಕ್ಕೆ ಹೊಸದೇನಲ್ಲ. 1906ರಲ್ಲಿ ಇಡೀ ದೇಶಕ್ಕೆ ಒಂದೇ ವೇಳೆ ಎಂದು ಸರ್ಕಾರ ಸಾರಿದ ಮೇಲೂ ಮುಂಬೈ ತನ್ನದೇ ಮುಂಬೈ ಟೈಮನ್ನು 1955ರವರೆಗೆ ಬಿಡಲಿಲ್ಲ. ಎರಡಕ್ಕೂ 39 ನಿಮಿಷದ ವ್ಯತ್ಯಾಸ. ರೈಲು ಒಂದು ಗಡಿಯಾರಕ್ಕೆ, ಊರು ಇನ್ನೊಂದಕ್ಕೆ. ಅರ್ಧ ಶತಮಾನ ಹಾಗೆ ಬದುಕಿದ ಮಹಾನಗರ ಮುಳುಗಿಹೋಗಲಿಲ್ಲ. ಇದನ್ನು ಅಜ್ಜನಿಗೆ ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಪರಿಹಾರವೂ ಇದೆ. ಲಿನಕ್ಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟು, ನೀನೂ ಗೋಡೆಯ ವೇಳೆಯನ್ನೇ ನಂಬು ಎಂದು ಹೇಳಬಹುದು. ಅಥವಾ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಸೇರಿಸಿ ಅದನ್ನೂ ಗ್ರೀನಿಚ್ಚಿಗೆ ಒಪ್ಪಿಸಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ಜಗಳ ಹಾಗೇ ಉಳಿದು ಪಕ್ಷಗಳು ಮಾತ್ರ ಅದಲುಬದಲಾಗುತ್ತವೆ. ಈ ಪರಿಹಾರವನ್ನು ನಾನು ಆ ಮನೆಗೆ ಇನ್ನೂ ತಿಳಿಸಿಲ್ಲ. ಒಂದು ಸಾಲಿನಲ್ಲಿ ಮುಗಿಯುವ ಕೆಲಸ ಎಂದು ಗೊತ್ತಾದರೆ ವಿದ್ಯೆಯ ಮೇಲೆ ಜನರಿಗೆ ಗೌರವ ಉಳಿಯುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಪುಣೆಗೆ ವಿಶೇಷ ಸ್ಥಾನ. ಡಾಸ್ ಕಾಲದ ಕಪ್ಪು ಪರದೆಯ ಮೇಲೆ ಕನ್ನಡ, ಮರಾಠಿ ಎಲ್ಲ ಮೂಡಿಸಲು ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡ್ ಎಂದು ಒಂದನ್ನು ಕೂರಿಸುತ್ತಿದ್ದರು. ಅದು ಇಲ್ಲಿನ ಸಿ-ಡ್ಯಾಕಿನದು. ಮುಂದೆ ಲಿನಕ್ಸಿನಲ್ಲಿ ಕನ್ನಡ ಓದಲು ಸಿಕ್ಕ ಲೋಹಿತ್ ಅಕ್ಷರಗಳನ್ನು ತಿದ್ದಿ ಪೋಷಿಸಿದ್ದು ಪುಣೆಯ ರೆಡ್ ಹ್ಯಾಟ್ ಕಚೇರಿಯವರು. ಅಂದರೆ ಮಗನ ಲಿನಕ್ಸಿನಲ್ಲಿರುವ ಕನ್ನಡ ಪುಣೆಯದು. ಅಜ್ಜನ ನುಡಿ ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನದು. ಎರಡೂ ಕನ್ನಡವೇ, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಹಳೆಯ ನುಡಿ, ಇಂಗ್ಲಿಷಿನ ಹಾಗೂ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರವಾಗಿ ಕೂರಿಸಿದ ಫಾಂಟು. ಲಿನಕ್ಸ್ ನಂಬುವುದು ಯೂನಿಕೋಡನ್ನು. ಹೀಗಾಗಿ ರಾಜ್ಯೋತ್ಸವದ ಆಮಂತ್ರಣವನ್ನು ಮಗ ಲಿನಕ್ಸಿನಲ್ಲಿ ತೆರೆದಾಗ 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಏಳು ಗುರುತು ಕಂಡವು. ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರು ಮಾತ್ರ ಬಳಸುವ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಮತ್ತೊಂದು ಗೀಟಿನ ಎ. ಮಗ ಅದನ್ನು ನೋಡಿ, ವೈರಸ್ ಬಂದಿದೆ ಎಂದು ತಿಳಿದು, ಅಳಿಸಿಬಿಟ್ಟ. ನಾಡಹಬ್ಬದ ಕರೆಯೋಲೆಯನ್ನು ಅಳಿಸಿದವನ ಜೊತೆ ಅಜ್ಜ ದೀಪಾವಳಿಯವರೆಗೆ ಮಾತನಾಡಲಿಲ್ಲ. ಆ ವರ್ಷ ದೀಪಾವಳಿ ನವೆಂಬರ್ ಮೊದಲ ವಾರದಲ್ಲೇ ಬಂದದ್ದು ಪುಣ್ಯ.

ನುಡಿಗೂ ಯೂನಿಕೋಡ್ ಬಂದು ಬಹಳ ಕಾಲವಾಯಿತು, ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳೂ ಇವೆ ಎಂದು ಓದುಗರು ಹೇಳಬಹುದು. ಇವೆ. ಅವನ್ನು ಬಳಸಿದರೆ ವಿಂಡೋಸ್ 7ರ ಪಾಲು ಅನಗತ್ಯವಾಗುತ್ತದೆ, ಮೂರು ಎರಡಾಗುತ್ತದೆ. ತಜ್ಞನೊಬ್ಬನಿಂದ ಇಂಥ ಸಲಹೆ ನಿರೀಕ್ಷಿಸುವುದು ತರವಲ್ಲ.

ಹೊಸ ಕಂಪ್ಯೂಟರಿನವರಿಗೆ ಬೇರೆಯೇ ಸುಖಗಳಿವೆ. ಬಾಣೇರದ ಒಂದು ಮನೆಯಲ್ಲಿ ಲಿನಕ್ಸ್ ಕೂರಿಸಿ ಎದ್ದೆ. ಮರುದಿನ ವಿಂಡೋಸ್ ತೆರೆದರೆ, ಬಾಗಿಲಲ್ಲಿ ಏನೋ ಬದಲಾವಣೆಯಾಗಿದೆ, ನೀವು ನಿಜವಾದ ಯಜಮಾನರೇ ಆಗಿದ್ದರೆ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಹೇಳಿ ಎಂದು ಕೇಳಿತು. ಮನೆಯವರು ಜಾಣರು, ಬರೆದಿಟ್ಟಿದ್ದರು. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಯ ಹಿಂದೆ, ಇಡ್ಲಿ ಹಿಟ್ಟಿನ ಲೆಕ್ಕದ ಪಕ್ಕದಲ್ಲಿ. ಹಾಳೆ ಮಾರ್ಚ್ ತಿಂಗಳದ್ದು. ನಾನು ಹೋದದ್ದು ಜುಲೈಯಲ್ಲಿ. ರದ್ದಿಯವನು ಮೇ ತಿಂಗಳಲ್ಲೇ ಬಂದು ಹೋಗಿದ್ದ.

2024ರ ಆಗಸ್ಟಿನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್ ಬಂದು, ಜಗತ್ತಿನಾದ್ಯಂತ ಇಂಥ ಜೋಡಿ ಸಂಸಾರದ ಎಷ್ಟೋ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳುವುದೇ ನಿಂತಿತು. ಸೆಕ್ಯೂರ್ ಬೂಟ್ ಎಂಬ ಕಾವಲಿನವನು ಹಳೆಯ ಗುರುತುಚೀಟಿ ನಡೆಯುವುದಿಲ್ಲ ಎಂದ. ಪರದೆಯ ಮೇಲೆ ಬಂದ ಸಂದೇಶದ ತಾತ್ಪರ್ಯ: ಏನೋ ಗಂಭೀರವಾಗಿ ಕೆಟ್ಟುಹೋಗಿದೆ. ಯಾರಿಂದ, ಮುಂದೇನು ಎಂಬುದು ಇಲ್ಲ. ನಾರಾಯಣ ಪೇಟೆಯವರು ಮೆಚ್ಚುವ ಶೈಲಿ.

ಇಷ್ಟೆಲ್ಲ ಯಾಕೆ, ವಿಂಡೋಸ್‌ನೊಳಗೇ ವರ್ಚುವಲ್ ಮಷೀನ್ ಹಾಕಿಕೊಂಡು ಲಿನಕ್ಸನ್ನು ಒಂದು ಕಿಟಕಿಯಲ್ಲಿ ನಡೆಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಡೆಸಬಹುದು. ಗಡಿಯಾರ ಒಂದೇ ಇರುತ್ತದೆ, ಮೆನು ಇರುವುದಿಲ್ಲ, ಬೇಡವೆಂದಾಗ ಅಳಿಸಿದರಾಯಿತು. ಆದರೆ ಪುಣೆಯ ಗೋಡೆಗಳ ಮೇಲೆ 'ಕಾಟ್ ಬೇಸಿಸ್' ಎಂಬ ಚೀಟಿ ನೋಡಿದ್ದೀರಲ್ಲ, ಅದು ಅಂಥ ವ್ಯವಸ್ಥೆ. ಮಂಚ ಮಾತ್ರ ನಿನ್ನದು, ನೆಲ ನನ್ನದು. ಸ್ವಂತ ಪಾಲಿನಲ್ಲಿ ಜಗಳವಾಡುವ ಮರ್ಯಾದೆ ಬಾಡಿಗೆ ಮಂಚಕ್ಕೆಲ್ಲಿಂದ ಬರಬೇಕು? ಜೋಡಿಸಿದ ಕಂಪ್ಯೂಟರಿಗೆ ಮ್ಯಾಕ್ ಹಾಕಿಕೊಡಿ ಎನ್ನುವ ಕಾಲೇಜು ಹುಡುಗರೂ ಬರುತ್ತಾರೆ. ಅದರ ಪರವಾನಗಿಯಲ್ಲಿ, ಆಪಲ್ ಯಂತ್ರ ಬಿಟ್ಟು ಬೇರೆಡೆ ಕೂರಿಸಬಾರದು ಎಂದು ಸ್ಪಷ್ಟವಾಗಿದೆ. ಅವರನ್ನು ಚಹಾ ಕುಡಿಸಿ ಕಳಿಸುತ್ತೇನೆ.

ಕೋಥರೂಡಿನ ಮನೆಯಲ್ಲಿ ಈಚೆಗೆ ಒಂದು ಸಮೀಕ್ಷೆ ಮಾಡಿದೆ. ಯಾರ ಪಾಲಿನಲ್ಲಿ ಏನು ನಡೆಯುತ್ತಿದೆ ಎಂದು ಅವರವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಅಜ್ಜ ವಿಂಡೋಸ್ 7ರಲ್ಲಿ ಬ್ರೌಸರ್ ತೆರೆದು ಭೀಮಸೇನ ಜೋಶಿಯವರ ದಾಸರ ಪದ ಕೇಳುತ್ತಾರೆ. ಬ್ರೌಸರ್ ಹಳೆಯದಾಯಿತು ಎಂದು ಮೇಲೆ ಒಂದು ಹಳದಿ ಪಟ್ಟಿ ದಿನವೂ ಬರುತ್ತದೆ, ಅವರು ಅದನ್ನು ಜಾಹೀರಾತು ಎಂದುಕೊಂಡಿದ್ದಾರೆ. ಮಂಡಳಿಯ ಪತ್ರವ್ಯವಹಾರವನ್ನು ವಾಟ್ಸ್ಯಾಪಿಗೆ ಒಯ್ದು ವರ್ಷವಾಗಿದೆ. ನುಡಿ ತೆರೆಯುವುದು ರಾಜ್ಯೋತ್ಸವಕ್ಕೆ, ಸಂಕ್ರಾಂತಿಗೆ. ಸೊಸೆಗೆ ಟ್ಯಾಲಿಯ ಕೆಲಸ ತಿಂಗಳ ಕೊನೆಗೆ. ಮಿಕ್ಕ ದಿನಗಳಲ್ಲಿ ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದು, ಅದು ತೆರೆಯುವುದನ್ನು ಕಾಯುತ್ತಾಳೆ. ಮಗನಿಗೆ ಕಚೇರಿಯವರು ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಮನೆಯ ಲಿನಕ್ಸಿಗೆ ಬರುವುದು, ಯಾವ ಲಿನಕ್ಸ್ ಉತ್ತಮ ಎಂಬ ವಿಡಿಯೊಗಳನ್ನು ಬ್ರೌಸರಿನಲ್ಲಿ ನೋಡುವುದಕ್ಕೆ. ಮೊಮ್ಮಗ ಫೋನ್ ಹಿಡಿದ ದಿನವೇ ಕಂಪ್ಯೂಟರ್ ಬಿಟ್ಟ.

ಮೂರೂ ಪಾಲಿನಲ್ಲಿ ಒಂದೇ ಬ್ರೌಸರ್, ಒಂದೇ ಗುಂಡು ಚಿತ್ರ, ಒಂದೇ ಮುಖಪುಟ. ಇದರಿಂದ ನನ್ನ ವಿದ್ಯೆ ವ್ಯರ್ಥವಾಯಿತು ಎಂದು ಸೊಸೆ ತೀರ್ಮಾನಿಸಿದಂತಿದೆ. ಶಾಸ್ತ್ರ ಬಲ್ಲವರು ಹಾಗೆ ನೋಡುವುದಿಲ್ಲ. ಒಲೆ ಒಂದೇ ಬಗೆಯದು ಎಂದು ವಾಟ್ನಿಯಾದ ಅಣ್ಣತಮ್ಮಂದಿರು ಮತ್ತೆ ಕೂಡಿದ್ದನ್ನು ಯಾರಾದರೂ ಕಂಡಿದ್ದೀರಾ? ಮೂರು ಬ್ರೌಸರಿನಲ್ಲಿ ಮೂರು ಬೇರೆ ಪಾಸ್‌ವರ್ಡ್ ಉಳಿದಿವೆ, ಮೂರು ಬಗೆಯ ಬುಕ್‌ಮಾರ್ಕ್ ಇವೆ, ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ಇಷ್ಟು ಮರೆ ಬೇರೆ ಯಾವ ಕೋಣೆಯಲ್ಲೂ ಸಿಗಲಾರದು. ಮುಂದಿನ ಹೆಜ್ಜೆಯಾಗಿ, ಸಿ-ಡ್ಯಾಕಿನವರೇ ಡೆಬಿಯನ್ ಆಧರಿಸಿ ತಯಾರಿಸಿದ ಬಾಸ್ ಲಿನಕ್ಸನ್ನು ನಾಲ್ಕನೆಯ ಯಜಮಾನನಾಗಿ ತರಲು ಮಗನನ್ನು ಒಪ್ಪಿಸಿದ್ದೇನೆ. ಜಾಗಕ್ಕಾಗಿ ಅಜ್ಜನ ಪಾಲಿನಿಂದ 40 ಜಿಬಿ ಕತ್ತರಿಸಬೇಕು. ಅವರಿಗೆ ಹೇಳುವ ಕೆಲಸ ಮಗನದು.

ಆಸಕ್ತ ಓದುಗರು ಕಂಪ್ಯೂಟರ್ ಸಮೇತ ಬರಬಹುದು. ಬರುವ ಮುನ್ನ ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆ ಡಿಸ್ಕನ್ನು ನನ್ನ ಕೈಗೆ ಸಿಗದಂತೆ ಮನೆಯಲ್ಲೇ ಬಿಟ್ಟು ಬರಬೇಕು. ಭೇಟಿಯ ಸಮಯ ಸಂಜೆ 6ರಿಂದ 8. ಯಾವ ಗಡಿಯಾರದ 6 ಎಂದು ಕೇಳುವಷ್ಟು ತಯಾರಿ ಇರುವವರಿಗೆ ಮೊದಲ ಆದ್ಯತೆ.